ದೊಡ್ಡಮ್ಮ ಮತ್ತು ಬಸಿದ ನೀರು

ಕೊಡಿಗೇಹಳ್ಳಿಯ ನಮ್ಮ ದೊಡ್ಡಮ್ಮನ ಪ್ರಕಾರ, ನನ್ನ ಮೈಯಲ್ಲಿರಬೇಕಾದ ಸತ್ವವೆಲ್ಲ ನಾನಿರುವ ತಣಿಸಂದ್ರದ ಚರಂಡಿಯಲ್ಲಿ ಹರಿಯುತ್ತಿದೆ! ಇದನ್ನು ಆಕೆ ನೆಂಟರ ಮದುವೆಯಲ್ಲಿ, ಊಟದ ಪಂಕ್ತಿಯಲ್ಲಿ, ನನ್ನ ಬೀಗರ ಎದುರಿಗೇ ಹೇಳಿದ್ದಾಳೆ. ಬೇಸರದ ಸಂಗತಿ ಏನೆಂದರೆ ಅದು ನಿಜ.

ಆದದ್ದಿಷ್ಟು. ಐವತ್ತು ದಾಟಿದ ಮೇಲೆ ನನಗೆ ಬೆಳಗಿನ ವಾಕಿಂಗಿನ ಹುಚ್ಚು ಹತ್ತಿತು. ಮೂರನೇ ದಿನವೇ ಕೆರೆ ಏರಿಯ ಮೇಲೆ ಮೀನಖಂಡ ಹಿಡಿದುಕೊಂಡು, ಯಾರದೋ ಸಾಕುನಾಯಿಯ ಪಕ್ಕದಲ್ಲಿ ಕುಸಿದು ಕೂತೆ. ನಾಯಿ ಮರ್ಯಾದೆಯಿಂದ ಸರಿದು ಜಾಗ ಬಿಟ್ಟಿತು. ರಕ್ತ ಪರೀಕ್ಷೆ ನೋಡಿದ ಡಾಕ್ಟರು, "ಪೊಟ್ಯಾಸಿಯಂ ಸ್ವಲ್ಪ ಕಮ್ಮಿ ಇದೆ. ಸೊಪ್ಪು, ಕಾಳು, ಹಣ್ಣು ಚೆನ್ನಾಗಿ ತಿನ್ನಿ" ಎಂದರು.

ಓದಿದವನು, ಸುಮ್ಮನಿರುತ್ತೇನೆಯೇ? ಫೋನಿನಲ್ಲಿ ಹುಡುಕಿ, ಹೆಸರು ಹೇಳಲೂ ಬಾರದ ಬೀಜಗಳನ್ನೆಲ್ಲ ತರಿಸಿದೆ. ಜೊತೆಗೆ ದಂಟಿನ ಸೊಪ್ಪು, ಅಲಸಂದೆ ಕಾಳು ಬೇಯಿಸಿ, ಆ ನೀರನ್ನು ಬಹಳ ಶ್ರದ್ಧೆಯಿಂದ ಸಿಂಕಿಗೆ ಸುರಿಯುತ್ತಿದ್ದಾಗ ದೊಡ್ಡಮ್ಮ ಬಂದಳು.

"ಏನ್ಲಾ ಮಾಡ್ತಿದ್ದೀಯ?"

"ಬಸೀತಿದ್ದೀನಿ ದೊಡ್ಡಮ್ಮ. ಪಲ್ಯಕ್ಕೆ."

"ನಿನ್ ಬುದ್ಧಿಗಿಷ್ಟು ಬೆಂಕಿ ಆಕ! ಸತ್ವ ಎಲ್ಲಾ ಆ ನೀರ್ನಾಗೈತೆ. ಬಸ್ಸಾರು ಮಾಡೋದ್ನ ಚೆಲ್ಬುಟ್ಟು ನಾರು ತಿಂತೀಯಾ?"

ಅವಳ ಅಜ್ಞಾನ ಕಳೆಯೋಣ ಎಂದು ಫೋನು ತೆರೆದೆ. ಬೇಯಿಸಿದಾಗ ಪೊಟ್ಯಾಸಿಯಂ ನೀರಿಗಿಳಿಯುತ್ತದೆ ಎಂದು ಫೋನೂ ಅವಳ ಪಕ್ಷವನ್ನೇ ಸೇರಬೇಕೇ!

ಅಂದಿನಿಂದ ನಾನು ಸ್ವತಂತ್ರ ಪ್ರಜೆಯಲ್ಲ. ಬೆಳಿಗ್ಗೆ ಬಾಳೆಹಣ್ಣು, ಸಂಜೆ ಬೇಯಿಸಿದ ಗೆಣಸು. ನಮ್ಮ ಬೀದಿಯ ಎಳನೀರಿನವನನ್ನೂ ಆಕೆ ಒಳಗೆ ಹಾಕಿಕೊಂಡಿದ್ದಳು. ನನ್ನ ಬೈಕಿಗೆ ಅಡ್ಡ ನಿಂತು, "ಕುಡೀದೆ ಬಿಡ್ಬೇಡ ಅಂದವ್ರೆ ಸಾರ್ ನಿಮ್ ದೊಡ್ಡಮ್ಮ" ಎನ್ನುತ್ತಿದ್ದ. ಭಾನುವಾರ ಕೊಡಿಗೇಹಳ್ಳಿಯಲ್ಲಿ ಮುದ್ದೆ, ಬಸ್ಸಾರು ಕಡ್ಡಾಯ. ಕಾಲು ಹಿಡಿಯುವುದು ನಿಂತಿತು. ಪ್ಯಾಂಟಿನ ಗುಂಡಿ ಹಿಡಿಯುವುದೂ ನಿಂತಿತು.

ಕಳೆದ ತಿಂಗಳು ಒಂದು ಭಾನುವಾರ ಗಂಟೆಯಷ್ಟು ಮೊದಲೇ ಹೋದೆ. ಒಲೆಯ ಮೇಲೆ ನನ್ನ ಸಾರು ಕುದಿಯುತ್ತಿತ್ತು. ದೊಡ್ಡಮ್ಮ ಬಸಿದ ಸೊಪ್ಪನ್ನೇ ಎರಡನೇ ಸಲ ಬೇಯಿಸಿ, ಆ ನೀರನ್ನು ಬಚ್ಚಲಿಗೆ ಚೆಲ್ಲುತ್ತಿದ್ದಳು! ನಾನು ಕುಣಿದೇಬಿಟ್ಟೆ.

"ಸಿಕ್ಕಿಹಾಕ್ಕೊಂಡ್ಯಾ ದೊಡ್ಡಮ್ಮ! ಸತ್ವ ಎಲ್ಲಾ ಬಚ್ಚಲಿಗಾ?"

ಅವಳು ತಲೆಯೆತ್ತಲಿಲ್ಲ. "ಅದು ನನ್ ಪಾಲಿಂದು ಕಣ್ಲಾ. ಕಿಡ್ನಿ ಸರ್ಯಾಗಿ ಕೆಲ್ಸ ಮಾಡ್ತಿಲ್ವಂತೆ. ನಿಂಗೆ ಕಮ್ಮಿ ಆಗಿತ್ತಲ್ಲ, ಅದೇ ನಂಗೆ ಜಾಸ್ತಿ ಆಗೈತಂತೆ. ಬಾಳೆಅಣ್ಣು, ಎಳ್ನೀರು, ಬಸ್ಸಾರು ಯಾವ್ದೂ ಮುಟ್ಬೇಡ ಅಂದವ್ರೆ ಡಾಕ್ಟ್ರು."

"ಯಾವಾಗಿಂದ?"

"ಉಗಾದಿ ಮುಂಚಿಂದ."

ಇಷ್ಟು ಭಾನುವಾರ ತಟ್ಟೆಗೆ ತಲೆ ಬಗ್ಗಿಸಿ ಸುರಿದುಕೊಂಡ ನಾನು, ಎದುರಿನ ತಟ್ಟೆಯಲ್ಲಿ ಏನಿದೆ ಎಂದು ಒಮ್ಮೆಯೂ ನೋಡಿರಲಿಲ್ಲ. ನನ್ನ ಬಗ್ಗೆ ನನಗೇ ನಾಚಿಕೆಯಾಯಿತು.

"ಹಂಗಾದ್ರೆ ಉಪ್ಪು, ಹುಳಿ ಹೆಂಗ್ ನೋಡ್ತೀಯ?"

"ನೋಡಾಕಿಲ್ಲ. ಅಂದಾಜ್ನಾಗೆ ಆಕ್ತೀನಿ. ನೀನ್ ಉಣ್ಣುವಾಗ ಮುಖ ಕಿವುಚ್ತೀಯೇನೋ ಅಂತ ನೋಡ್ತಿರ್ತೀನಿ."

ನಾನು ಅಂಗೈ ಚಾಚಿದೆ. ಅವಳು ಸೌಟಿನಿಂದ ಒಂದು ಹನಿ ಬಿಟ್ಟಳು. ನೆಕ್ಕಿ ನೋಡಿ, "ಉಪ್ಪು ಒಂಚೂರು ಬೇಕು" ಎಂದೆ.

ಐವತ್ತು ವರ್ಷ ಒಲೆಯ ಮುಂದೆ ಯಾರ ಮಾತನ್ನೂ ಕೇಳದ ನಮ್ಮ ದೊಡ್ಡಮ್ಮ, ಉಪ್ಪಿನ ಡಬ್ಬಿಯನ್ನು ನನ್ನ ಕೈಗಿಟ್ಟಳು.