ದಿನಕ್ಕೆ ಮೂರು ಕುರಿ ತಿನ್ನುವ ಡ್ರ್ಯಾಗನ್

ಡ್ರ್ಯಾಗನ್ನನ್ನು ಸಂಹರಿಸಲು ಹೊರಟಿದ್ದ ಮಹಾಶೂರ ಸರ್ ಆಸ್ಮಂಡ್ ಕೊನೆಯುಸಿರೆಳೆದದ್ದು ಭೇದಿಯಿಂದ. ರಣರಂಗದಲ್ಲಲ್ಲ, ಒಂದು ಪೊದೆಯ ಹಿಂದೆ. ಈ ಘೋರ ದುರಂತ ಸಂಭವಿಸಿದ್ದು ಒಂದು ಭಾನುವಾರ ಮಧ್ಯಾಹ್ನ, ಅಮೆರಿಕದ ವಿಸ್ಕಾನ್ಸಿನ್‌ನ ಒಂದು ಪುಟ್ಟ ಊರಿನಲ್ಲಿ, ವರ್ಲಿನ್ ಗುಂಡರ್‌ಸನ್ನನ ಮನೆಯ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಯಂತ್ರದ ಪಕ್ಕದಲ್ಲಿ.

ಆಸ್ಮಂಡ್ ಇದ್ದದ್ದು ಕಾಗದದ ಮೇಲೆ. ಅವನಿಗೆ ದನಿ ಕೊಡುತ್ತಿದ್ದವನು ಊರಿಗೆ ಕಾಗದ ಹಂಚುವ ಅಂಚೆಯವ ಆರಿನ್. ಆಟವೇ ಅಂಥದ್ದು. ಮೇಜಿನ ಸುತ್ತ ಕೂತವರು ಒಬ್ಬೊಬ್ಬರೂ ಒಬ್ಬೊಬ್ಬ ವೀರರಾಗುತ್ತಾರೆ. ಆಟದ ಯಜಮಾನ ‘ಎದುರಿಗೆ ಗುಹೆ’ ಎಂದರೆ ಇವರು ‘ನುಗ್ಗಿದೆವು’ ಎನ್ನುತ್ತಾರೆ. ನುಗ್ಗಿದವನು ಉಳಿದನೋ ಅಳಿದನೋ ಎಂಬುದನ್ನು ದಾಳ ಹೇಳುತ್ತದೆ. ಆ ವರ್ಷಗಳಲ್ಲಿ, ಹಿಮ ಬಿದ್ದ ಭಾನುವಾರಗಳಲ್ಲಿ, ಆ ಸೀಮೆಯ ಎಷ್ಟೋ ನೆಲಮಾಳಿಗೆಗಳಲ್ಲಿ ಗೃಹಸ್ಥರು ಹೀಗೆ ಕಾಗದದ ಖಡ್ಗ ಝಳಪಿಸುತ್ತಿದ್ದರು. ಆದರೆ ಅವರ ವೀರರಲ್ಲಿ ಒಬ್ಬನ ಕಾಲಿಗೂ ಬೊಬ್ಬೆ ಏಳುತ್ತಿರಲಿಲ್ಲ. ಈ ಮನೆಯ ಆಟದ ಯಜಮಾನ ವರ್ಲಿನ್‌ಗೆ ಉರಿದದ್ದು ಅಲ್ಲಿ.

“ಬೂಟು ಸುಳ್ಳಾದ್ರೆ ಡ್ರ್ಯಾಗನ್ ನಿಜ ಹೇಗಾಗತ್ತೆ?” ಎಂಬುದು ಅವನ ಮಹಾವಾಕ್ಯ. ಹಗಲೆಲ್ಲ ಚೀಸ್ ಕಾರ್ಖಾನೆಯಲ್ಲಿ ಹಾಲಿನ ಕೊಬ್ಬು ಅಳೆಯುವ ಈ ಋಷಿ, ಆರು ವರ್ಷದ ಸಂಜೆಗಳನ್ನು ಧಾರೆಯೆರೆದು ನಾನೂರು ಪುಟದ ನಿಯಮಪುರಾಣ ಬರೆದಿದ್ದ. ಒದ್ದೆ ಕಾಲುಚೀಲಕ್ಕೆ ಒಂದು ಪಟ್ಟಿ. ತುಕ್ಕು ಹಿಡಿದ ಕವಚಕ್ಕೆ ಇನ್ನೊಂದು. ನೂರ ಹನ್ನೆರಡನೆಯ ಪುಟದಲ್ಲಿ, ಬಿಡಾರದ ಪಾತ್ರೆ ತೊಳೆಯದೆ ಮಲಗಿದವರಿಗೆ ಮರುದಿನ ಏನಾಗುತ್ತದೆ ಎಂಬುದರ ಮನಕಲಕುವ ವಿವರ. (ಆಸ್ಮಂಡ್ ಬಲಿಯಾದದ್ದು ಈ ಪುಟಕ್ಕೆ.)

ಅದನ್ನು ಬರೆದ ಪುಣ್ಯಾತ್ಮ ಮಾತ್ರ ಆ ಆರು ವರ್ಷದಲ್ಲಿ ತನ್ನ ಮನೆಯ ಒಂದು ಚಮಚವನ್ನೂ ತೊಳೆದಿರಲಿಲ್ಲ. ಹೆಂಡತಿ ಮಾರ್ಲಿಸ್ ಕೇಳಿದಾಗಲೆಲ್ಲ, “ಲೋಕ ಸೃಷ್ಟಿ ಮಾಡ್ತಿರೋನ ಕೈಗೆ ಸ್ಕ್ರಬ್ಬರ್ ಕೊಡ್ತೀಯಾ?” ಎಂದು ನೆಲಮಾಳಿಗೆಗೆ ಇಳಿದುಬಿಡುತ್ತಿದ್ದ.

ಇಷ್ಟೆಲ್ಲ ತಪಸ್ಸಿನ ಬುಡದಲ್ಲಿ ಇದ್ದದ್ದು ಒಂದು ಕನಸು. ಒಂಬತ್ತನೆಯ ವಯಸ್ಸಿನಲ್ಲಿ, ಗದ್ದಕಟ್ಟಿನ ಜ್ವರದಲ್ಲಿ ಮಲಗಿದ್ದಾಗ, ಕಿಟಕಿಯ ಗಾಜಿನ ಮೇಲೆ ಕಟ್ಟಿದ ಹಿಮದ ಹೂಗಳ ನಡುವೆ ಅವನೊಂದು ಡ್ರ್ಯಾಗನ್ ಕಂಡಿದ್ದ. ಅದು ನಿಧಾನವಾಗಿ ರೆಕ್ಕೆ ಬಿಚ್ಚಿ, ಅವನನ್ನೇ ನೋಡಿ, ಬಿಸಿಲೇರಿದಂತೆ ಕರಗಿ ಹನಿಯಾಗಿತ್ತು. ಅದನ್ನು ಇನ್ನೊಬ್ಬರ ಕಣ್ಣಿಗೂ ಕಾಣಿಸಬೇಕು, ಕಂಡವರು ಒಂದು ಗಳಿಗೆಯಾದರೂ ಉಸಿರು ಬಿಗಿಹಿಡಿಯಬೇಕು. ನಾನೂರು ಪುಟಗಳ ಆಸೆ ಇಷ್ಟೇ.

ಆದರೆ ನಾಲ್ಕು ತಿಂಗಳು ಆಡಿದರೂ ವೀರರು ಗುಹೆ ಮುಟ್ಟಿರಲಿಲ್ಲ. ಜೊತೆಗೆ ಆಡುತ್ತಿದ್ದ ಆರಿನ್‌ನ ಭಾವ ಡೆಲ್ಬರ್ಟ್ ಬೇಸತ್ತು, ಚೆಂಡು ಉರುಳಿಸಿ ಪಿನ್ನು ಕೆಡಹುವ ಬೌಲಿಂಗ್ ಆಟಕ್ಕೆ ಹೋದವನು ತಿರುಗಿ ಬರಲಿಲ್ಲ. ಆಸ್ಮಂಡ್ ಸತ್ತ ಮುಂದಿನ ಭಾನುವಾರ ಆರಿನ್ ಕೋಟಿನ ಹಿಮವನ್ನೂ ಕೊಡವದೆ ಮೆಟ್ಟಿಲ ಮೇಲೇ ನಿಂತ.

“ನೋಡು ವರ್ಲಿನ್, ವಾರಕ್ಕೆ ಆರು ದಿನ ಒದ್ದೆ ಕಾಲುಚೀಲ ಹಾಕ್ಕೊಂಡು ಹಿಮದಲ್ಲಿ ನಡೀತೀನಿ. ಏಳನೇ ದಿನ ನಿನ್ನ ಮನೇಲಿ ಕೂತು ಒದ್ದೆ ಕಾಲುಚೀಲದ ದಾಳ ಹಾಕ್ಬೇಕಾ? ಇವತ್ತು ಡ್ರ್ಯಾಗನ್ ಮುಖ ತೋರಿಸಿದ್ರೆ ಸರಿ. ಇಲ್ದಿದ್ರೆ ನಾನೂ ಬೌಲಿಂಗ್‌ಗೆ.”

ವರ್ಲಿನ್ ಲೆಕ್ಕ ಹಾಕಿದ. ಇವನೂ ಹೋದರೆ ಡ್ರ್ಯಾಗನ್ ನೋಡಲು ಉಳಿಯುವುದು ಬಟ್ಟೆ ಒಗೆಯುವ ಯಂತ್ರವೊಂದೇ. ಜೊತೆಗೆ ಗುಹೆಗೆ ಹೋಗಲು ಕನಿಷ್ಠ ಇಬ್ಬರು ಬೇಕು. (ಒಬ್ಬ ಪಂಜು ಹಿಡಿಯಬೇಕು. ಪುಟ ಐವತ್ತೊಂಬತ್ತು.) ಅವನು ಮೆಟ್ಟಿಲ ಬುಡದಿಂದ ದೀನನಾಗಿ ಕೂಗಿದ:

“ಮಾರ್ಲಿಸ್! ಒಂದರ್ಧ ಗಂಟೆ ಬಂದು ಕೂತ್ಕೋತೀಯಾ?”

“ಓವನ್‌ನಲ್ಲಿ ಚೀಸ್ ಸೀದು ಅಂಟ್ಕೊಂಡಿರೋ ಕ್ಯಾಸರೋಲ್ ಪಾತ್ರೆ ಉಜ್ತಾ ಇದೀನಿ.”

“ಅದು ನೆನೀತಾ ಇರ್ಲಿ ಬಿಡೇ!”

ಮಾರ್ಲಿಸ್ ಕೈ ಒರೆಸಿಕೊಂಡು ಇಳಿದು ಬಂದಳು. ಅರವತ್ತು ಹಸುಗಳ ಮನೆಯಲ್ಲಿ ಹುಟ್ಟಿ, ಹನ್ನೆರಡರ ವಯಸ್ಸಿನಿಂದಲೇ ಮೇವಿನ ಲೆಕ್ಕ ನೋಡಿಕೊಂಡವಳು. ಅವಳು ಕತ್ತಿ ಕೇಳಲಿಲ್ಲ, ಮಂತ್ರ ಕೇಳಲಿಲ್ಲ. ಪುಸ್ತಕ ಕೇಳಿದಳು. ಆರು ವರ್ಷದಲ್ಲಿ ಮೊದಲ ಬಾರಿಗೆ! ವರ್ಲಿನ್‌ನ ಎದೆ ಉಬ್ಬಿತು. ಪುಟ ತಿರುವುವ ಸದ್ದಿನ ನಡುವೆ ನೆಲಮಾಳಿಗೆಯ ಕಿರುಗಿಂಡಿಯಾಚೆ ಹಿಮ ಮೆತ್ತಗೆ ಉದುರುತ್ತಿತ್ತು. ಎಲ್ಲಿ ಅಂಗಳ ಮುಗಿದು ಎಲ್ಲಿ ಡ್ರ್ಯಾಗನ್ ಕಣಿವೆ ಶುರುವಾಯಿತೋ ಹೇಳುವಂತಿರಲಿಲ್ಲ.

“ಇದರ ತೂಕ ನಾಲ್ಕು ಟನ್ನಾ?” ಎಂದಳು ಮಾರ್ಲಿಸ್.

“ಹೂಂ,” ಎಂದ ವರ್ಲಿನ್, ಹೆತ್ತ ತಂದೆಯ ಹೆಮ್ಮೆಯಿಂದ.

“ಮಾಂಸ ತಿನ್ನೋ ಪ್ರಾಣಿ ದಿನಕ್ಕೆ ತೂಕದ ನಲವತ್ತರಲ್ಲಿ ಒಂದು ಭಾಗ ತಿನ್ಬೇಕು, ನೀನೇ ಬರ್ದಿದೀಯ. ಅಂದ್ರೆ ಇನ್ನೂರು ಪೌಂಡು. ಮೂರು ಕುರಿ ಅನ್ನು.”

“ಕರಾರುವಾಕ್ಕು!”

“ಕಣಿವೇಲಿರೋದು ಅರವತ್ತು ಕುರಿ. ಹಿಮ ಬಿದ್ದು ದಾರಿ ಮುಚ್ಚಿ ನಾಲ್ಕು ತಿಂಗಳಾಯ್ತು. ಹೊರಗಿಂದ ಇನ್ನೊಂದು ಕುರಿ ಬರೋ ಹಾಗಿಲ್ಲ.”

ಆರಿನ್ ಬೆರಳೆಣಿಸಿದ. “ಇಪ್ಪತ್ತೇ ದಿನಕ್ಕೆ ಕುರಿ ಖಾಲಿ!”

“ಹಾರಿ ಆಚೆ ಹೋಗೋಣ ಅಂದ್ರೆ, ಚಳೀಲಿ ಹಾರೋದಕ್ಕೆ ಎರಡರಷ್ಟು ಮೇವು ಬೇಕು ಅಂತಾನೂ ಇದೆ,” ಎಂದು ಮಾರ್ಲಿಸ್ ಪುಸ್ತಕ ಮುಚ್ಚಿದಳು. ಕೊಟ್ಟಿಗೆಯಲ್ಲಿ ಸತ್ತ ಹಸುವಿನ ಸುದ್ದಿ ಹೇಳುವ ದನಿಯಲ್ಲಿ ಹೇಳಿದಳು: “ನಿನ್ನ ಡ್ರ್ಯಾಗನ್ ಸತ್ತಿದೆ ವರ್ಲಿನ್. ಕ್ರಿಸ್ಮಸ್‌ಗೆ ಮುಂಚೇನೇ. ಹೊಟ್ಟೆಗಿಲ್ದೆ.”

ಆರಿನ್ ಬೆರಳು ಮಡಚಿ ಇನ್ನೊಮ್ಮೆ ಎಣಿಸಿ ನೋಡಿದ.

“ಅಂದ್ರೆ ನಮ್ಮ ಆಸ್ಮಂಡ್,” ಎಂದ ಆರಿನ್ ನಿಧಾನವಾಗಿ, “ಸತ್ತ ಡ್ರ್ಯಾಗನ್ ಕೊಲ್ಲೋಕೆ ಹೋಗಿ ಭೇದಿಯಾಗಿ ಸತ್ನಾ?”

ವರ್ಲಿನ್‌ಗೆ ಕಂಡದ್ದು ಆ ಗಾಜು, ಆ ಹಿಮದ ಹೂ, ಅವನತ್ತ ತಿರುಗಿದ ಆ ಕಣ್ಣು. ಆರು ವರ್ಷ ಅದಕ್ಕಾಗಿ ಬೂಟು ಹೊಲಿದು, ಕಾಲುಚೀಲ ಹೆಣೆದು, ಕೊನೆಗೆ ಒಂದು ತುತ್ತು ಅನ್ನ ಹಾಕದೆ ಕೊಂದಿದ್ದ. ಧಡಕ್ಕನೆ ಎದ್ದು ನಿಂತ.

“ಸಾಯಲ್ಲ! ಅದಕ್ಕೆ ಹಸಿವಾಗಲ್ಲ!”

“ಯಾಕಾಗಲ್ಲ? ನಿನ್ನ ವಾಸ್ತವ ಎಲ್ಲಿ ಹೋಯ್ತು?” ಎಂದಳು ಮಾರ್ಲಿಸ್.

“ಅದು ಡ್ರ್ಯಾಗನ್ ಕಣೇ! ಬೆಂಕಿ ಉಗುಳೋದಕ್ಕೆ ಹಸಿವೆಲ್ಲಿಂದ ಬರತ್ತೆ? ಅದು... ಅದು ಬೆಳದಿಂಗಳು ಕುಡಿಯತ್ತೆ!”

ಆರಿನ್ ಮೆಟ್ಟಿಲಿಳಿದು ಕೋಟು ಬಿಚ್ಚಿ ಕೂತ. “ಬೆಳದಿಂಗಳಾ? ಹೇಗೆ ಕುಡಿಯತ್ತೆ? ಹೇಳು, ಹೇಳು.”

ವರ್ಲಿನ್ ಹೇಳಿದ. ಪಟ್ಟಿ ನೋಡದೆ, ದಾಳ ಮುಟ್ಟದೆ, ಕಣ್ಣು ಮುಚ್ಚಿಕೊಂಡು ಹೇಳಿದ. ಡ್ರ್ಯಾಗನ್ ಬಾಯ್ತೆರೆದರೆ ಕಣಿವೆಯ ಮೇಲಿನ ಬೆಳಕೆಲ್ಲ ಹಾಲಿನ ಧಾರೆಯಂತೆ ಗಂಟಲಿಗಿಳಿಯುತ್ತದೆ, ಒಂದು ಗಳಿಗೆ ಊರು ಕತ್ತಲಾಗುತ್ತದೆ, ನಾಯಿಗಳು ಬೊಗಳುವುದನ್ನು ಮರೆಯುತ್ತವೆ. ಕಣ್ಣು ತೆರೆದಾಗ ಆರಿನ್ ಉಸಿರು ಬಿಗಿಹಿಡಿದಿದ್ದ. ಮಾರ್ಲಿಸ್ ಕೂಡ.

“ಇಂಥಾದ್ದನ್ನ ಇಟ್ಕೊಂಡು,” ಎಂದಳು ಅವಳು, “ಆರು ವರ್ಷ ಕಾಲುಚೀಲ ಬರೆದ್ಯಾ?”

ಆಮೇಲೆ ನಡೆದದ್ದು ಪುಸ್ತಕಮೇಧ. ಕೆಂಪು ಪೆನ್ಸಿಲ್ ಹಿಡಿದವಳು ಮಾರ್ಲಿಸ್. ಬೊಬ್ಬೆ ಹೋಯಿತು, ತುಕ್ಕು ಹೋಯಿತು, ಪಂಜು ಹಿಡಿಯುವವನೂ ಹೋದ. ಸರ್ ಆಸ್ಮಂಡ್ ಪೊದೆಯ ಹಿಂದಿನಿಂದ ಎದ್ದು ಬಂದ. ವರ್ಲಿನ್‌ಗೆ ಮೈ ಹಗುರಾಯಿತು. ಇನ್ನು ಗುಹೆಗೆ ಹತ್ತೇ ಹೆಜ್ಜೆ. ಅವನು ದಾಳ ಎತ್ತಿಕೊಂಡ.

“ತಡಿ,” ಎಂದಳು ಮಾರ್ಲಿಸ್. “ಒಂದೇ ಒಂದು ಪುಟ ಉಳಿಸಿದೀನಿ.”

“ಯಾವುದು?”

“ನೂರ ಹನ್ನೆರಡು.”

ವರ್ಲಿನ್ ಆರಿನ್‌ನ ಮುಖ ನೋಡಿದ. ಸತ್ತು ಬದುಕಿದ ಆರಿನ್ ಚಾವಣಿ ನೋಡಿದ.

“ಸರಿ, ದಾಳ ಹಾಕ್ತೀನಿ...” ಎಂದ ವರ್ಲಿನ್.

“ದಾಳ ಯಾಕೆ? ಮೇಲ್ಗಡೆ ಸಿಂಕಲ್ಲೇ ಪಾತ್ರೆ ನೆನೀತಿದೆ.” ಅವಳಾಗಲೇ ಯಜಮಾನನ ಕುರ್ಚಿಗೆ ಸರಿದಿದ್ದಳು. “ಬೂಟು ನಿಜ ಆಗ್ಬೇಕು ಅಂತಿದ್ಯಲ್ಲ? ಮೊದಲು ಕ್ಯಾಸರೋಲ್ ನಿಜ ಆಗ್ಲಿ.”

ಲೋಕದ ಸೃಷ್ಟಿಕರ್ತ ಮೆಟ್ಟಿಲು ಹತ್ತಿದ. ಸೀದ ಚೀಸ್ ಕವಚಕ್ಕಿಂತ ಗಟ್ಟಿಯಾಗಿತ್ತು. (ಇದರ ಪಟ್ಟಿಯನ್ನು ಅವನು ಬರೆದಿರಲಿಲ್ಲ.) ಬಿಸಿನೀರಿನ ಹಬೆ ಏರಿ ಅಡುಗೆಮನೆಯ ಕಿಟಕಿಯಲ್ಲಿ ಹಿಮದ ಹೂಗಳು ಮಸುಕಾದವು. ನಡುವೆ ಏನೋ ರೆಕ್ಕೆ ಬಿಚ್ಚಿದಂತಾಯಿತು. ಅವನು ಸ್ಕ್ರಬ್ಬರ್ ಹಿಡಿದೇ ನಿಂತುಬಿಟ್ಟ. ಅಷ್ಟರಲ್ಲಿ ಕೆಳಗಿನಿಂದ ಮಾರ್ಲಿಸ್‌ಳ ಘರ್ಜನೆ, ಆರಿನ್‌ನ ಕಿರುಚಾಟ, ದಾಳ ಉರುಳಿದ ಸದ್ದು.

“ನಾನು ಬರೋವರೆಗೂ ಅದನ್ನ ಕೊಲ್ಬೇಡ್ರೋ!” ಎಂದು ವರ್ಲಿನ್ ಆರ್ತನಾಗಿ ಕೂಗಿದ.

“ಕೊಲ್ಲಲ್ಲ,” ಎಂದು ಕೆಳಗಿನಿಂದ ಡ್ರ್ಯಾಗನ್ ಉತ್ತರಿಸಿತು. “ಮೂಲೆ ಮೂಲೆ ಉಜ್ಜು. ನಾನೇ ಮೇಲೆ ಬಂದು ನೋಡ್ತೀನಿ.”