ನಾನೂರು ಕುರಿಯ ಗಾಳಿ ಕುಡಿಯುವ ಕಾರು

ಕಶ್ಕಾ-ಬೆಲ್ ಗ್ರಾಮದ ಹುಲ್ಲುಗಾವಲಿನ ಮೇಲಿರುವ ಗಾಳಿಯು ಹುಲ್ಲುಗಾವಲು ಸಮಿತಿಯ ಸ್ವತ್ತು ಎಂಬುದು ಜೂನ್ ಮೂರನೇ ತಾರೀಖು, ಸೋಮವಾರ, ಚಹಾ ಆದ ಮೇಲೆ ಸರ್ವಾನುಮತದಿಂದ ತೀರ್ಮಾನವಾಯಿತು. ನಡಾವಳಿ ಬರೆದವನು ನಾನೇ, ಸಮಿತಿಯ ಗುಮಾಸ್ತ. ಅದಕ್ಕೆ ಮುಂಚೆ ಜನ ಆ ಗಾಳಿಯನ್ನು ಹೇಳೋರು ಕೇಳೋರು ಇಲ್ಲದೆ ಬಳಸುತ್ತಿದ್ದರು. ನೆನೆಸಿಕೊಂಡರೆ ಮೈ ಉರಿಯುತ್ತದೆ.

ಇದಕ್ಕೆಲ್ಲ ಮೂಲ ಜಿರ್ಗಲ್‌ನ ಕಾರು. ಜಪಾನಿನದು, ಬಲಗಡೆ ಸ್ಟೇರಿಂಗು, ಇಪ್ಪತ್ತಾರು ವರ್ಷದ ಮುದಿ. ನಮ್ಮೂರಿಗೂ ಪಟ್ಟಣದ ಆಸ್ಪತ್ರೆಗೂ ನಡುವೆ ಮೂರು ಸಾವಿರ ಮೀಟರ್ ಎತ್ತರದ ಘಾಟಿ. ಅಲ್ಲಿ ಗಾಳಿ ತೆಳು. ಕಾರು ಅರ್ಧ ಏರಿ ಏದುಸಿರು ಬಿಟ್ಟು ನಿಂತುಬಿಡುತ್ತಿತ್ತು. ಜಿರ್ಗಲ್‌ನ ಹೆಂಡತಿ ಬುರುಲ್‌ಗೆ ಆಗ ಒಂಬತ್ತು ತಿಂಗಳು. ಮಗು ಅಡ್ಡ ತಿರುಗಿದೆ, ಹೆರಿಗೆ ಊರಲ್ಲಿ ಬೇಡವೇ ಬೇಡ, ಗುರುವಾರದೊಳಗೆ ಆಸ್ಪತ್ರೆ ಸೇರಬೇಕು ಎಂದು ವೈದ್ಯೆ ಹೇಳಿದ್ದರು.

ಇಂಥ ಸಂದರ್ಭದಲ್ಲಿ ಜವಾಬ್ದಾರಿಯುಳ್ಳ ನಾಗರಿಕನು ಅರ್ಜಿ ಹಾಕುತ್ತಾನೆ. ಈ ಪುಣ್ಯಾತ್ಮ ಅಡುಗೆಮನೆ ಮೇಜಿನ ಮೇಲೆ ಹಳೇ ಪತ್ರಿಕೆ ಹಾಸಿ ಕಾರಿನ ಥ್ರಾಟಲ್ ಬಾಡಿ ಬಿಚ್ಚಿಟ್ಟ. ಎಂಜಿನ್ನಿಗೆ ಗಾಳಿ ಹೋಗುವ ಗಂಟಲು ಅದು. ಒಳಗೊಂದು ತಿರುಗುವ ಬಿಲ್ಲೆ. ಎರಡು ದಿನ ಉಜ್ಜಿ ಗಂಟಲನ್ನು ನಾಲ್ಕು ಮಿಲಿಮೀಟರ್ ಅಗಲ ಮಾಡಿದ. ಹೊಸ ಬಿಲ್ಲೆಯನ್ನು ಅವರವ್ವನ ಹಿತ್ತಾಳೆ ತಟ್ಟೆಯಿಂದ ಕತ್ತರಿಸಿಕೊಂಡ. ಗಾಳಿ ಅಳೆಯುವ ಸೆನ್ಸರನ್ನು ಕಿತ್ತು, ಒಲೆಯ ಹೊಗೆಕೊಳವೆಯ ತುಂಡಿನಲ್ಲಿ ಕೂರಿಸಿದ.

ಭಾನುವಾರ ಕಾರು ಒಂದೇ ಉಸಿರಿಗೆ ಘಾಟಿ ಹತ್ತಿಳಿದು ಬಂತು. ಊರೊಳಗೆ ಬರುವಾಗ ಅದು ಗಾಳಿ ಹೀರುವ ಸದ್ದಿಗೆ ಸಮಿತಿಯ ಅಧ್ಯಕ್ಷ ಶೇರಾಲಿ ಅಡ್ಡ ಬಂದು ಕೈ ತೋರಿಸಿದರು. ಊರಿಗೆಲ್ಲ ಅವರು ಬೈಕೆ, ಅಂದರೆ ಅಣ್ಣ.

"ಏನೋ ಇದು, ಹಿಂಗೆ ಹೀರ್ತದೆ?"

"ಗಾಳಿ, ಬೈಕೆ."

"ಎಲ್ಲೀದು?"

"ಘಾಟೀದು."

"ಘಾಟಿ ಯಾರದು?"

ಘಾಟಿ ನಮ್ಮ ಹುಲ್ಲುಗಾವಲಿನಲ್ಲೇ ಇದೆ ಎಂಬುದು ಜಿರ್ಗಲ್‌ಗೂ ಗೊತ್ತು.

ಮಾರನೇ ದಿನ ಸಮಿತಿ ಸೇರಿತು. ಕುರಿಯೊಂದು ನಿಮಿಷಕ್ಕೆ ಹತ್ತು ಲೀಟರ್ ಗಾಳಿ ಎಳೆಯುತ್ತದೆ ಎಂದು ಪಶುವೈದ್ಯರು ಹೇಳಿದರು. ಈ ಕಾರು ನಾಲ್ಕು ಸಾವಿರ ಎಳೆಯುತ್ತದೆ. ಅಂದಮೇಲೆ ನಾನೂರು ಕುರಿ ಮೇವಿನ ತೆರಿಗೆ ಕಟ್ಟಿದ ಚೀಟಿಯಿಲ್ಲದೆ ಮೇಯುತ್ತಿವೆ ಎಂದಾಯಿತು. ನಿಯಮ ಹದಿನಾಲ್ಕರ ಪ್ರಕಾರ "ಹುಲ್ಲುಗಾವಲಿನಲ್ಲಿ ಬಾಯಿ ತೆರೆಯುವ ಪ್ರತಿಯೊಂದೂ ಚೀಟಿ ಹೊಂದಿರತಕ್ಕದ್ದು." ಕಾರಿನ ಬಾಯಿಯಂತೂ ತೆರೆದಿತ್ತು, ಕಾರ್ಖಾನೆ ಕೊಟ್ಟಿದ್ದಕ್ಕಿಂತ ನಾಲ್ಕು ಮಿಲಿಮೀಟರ್ ಹೆಚ್ಚಾಗಿಯೇ. ವಿಚಾರಣೆ ಬುಧವಾರಕ್ಕೆ, ಅಲ್ಲಿಯವರೆಗೆ ಕೀಲಿಕೈ ನನ್ನ ಮೇಜಿನ ಖಾನೆಯಲ್ಲಿ. ಊರಲ್ಲಿ ಬೇರೆ ಕಾರುಗಳೂ ಇದ್ದವು. ಅವುಗಳ ಯಜಮಾನರು ಪ್ರಕಟಣೆ ಓದಿ, ಕಾರುಗಳ ಮೇಲೆ ಒಣಹುಲ್ಲು ಮುಚ್ಚಿ, ನಮ್ಮ ಹತ್ತಿರ ಕಾರೇ ಇಲ್ಲವಲ್ಲ ಎಂದರು.

ಬುಧವಾರ ಏಳು ಮಂದಿ ಸದಸ್ಯರೂ ಬಂದರು. ಬಾಗಿಲ ಬಳಿ ಬೆಂಚಿನ ಮೇಲೆ ಬುರುಲ್ ಸೊಂಟ ಹಿಡಿದು ಕೂತಿದ್ದಳು.

"ಆ ಸೆನ್ಸರ್ ಏನ್ಮಾಡ್ತದೆ?" ಶೇರಾಲಿ ಬೈಕೆ ಕೇಳಿದರು.

"ಎಷ್ಟು ಗಾಳಿ ಬಂತು ಅಂತ ಕಾರಿಗೆ ಲೆಕ್ಕ ಕೊಡ್ತದೆ, ಬೈಕೆ. ಈಗ ಕೊಳವೆ ಅಗಲ ಆಯ್ತಲ್ಲ, ತನ್ನ ಮುಂದೆ ಹೋಗಿದ್ದನ್ನ ಎಣಿಸ್ತದೆ, ಪಕ್ಕದಲ್ಲಿ ನುಸುಳಿದ್ದು ಅದಕ್ಕೆ ಗೊತ್ತಾಗಲ್ಲ. ಪೆಟ್ರೋಲು ಕಮ್ಮಿ ಬೀಳದ ಹಾಗೆ ನಾನೇ ಸರಿಮಾಡಿದೀನಿ."

"ಅಂದ್ರೆ ನಾನೂರು ಹೋದ್ರೆ?"

"ಇನ್ನೂರೈವತ್ತು ಅಂತದೆ."

"ಸುಳ್ಳು ಹೇಳ್ತದಾ?"

"ಅಯ್ಯೋ, ಇಲ್ಲ ಬೈಕೆ! ಪಾಪ, ಅದು ತುಂಬಾ ಪ್ರಾಮಾಣಿಕವಾದ್ದು."

ಏಳೂ ಜನ ಚಹಾ ಬಟ್ಟಲನ್ನೇ ನೋಡತೊಡಗಿದರು. ಶುಕ್ರವಾರ ಜಿಲ್ಲೆಯಿಂದ ಕುರಿ ಎಣಿಸುವವರು ಬರುವವರಿದ್ದರು. ದೊಡ್ಡಿಯ ಗೇಟಿನ ಪಕ್ಕ ನಿಂತು, ಒಂದೊಂದಾಗಿ ದಾಟುವ ಕುರಿಗಳನ್ನು ಎಣಿಸುವುದು ಅವರ ಪದ್ಧತಿ. ಕಾಗದದಲ್ಲಿ ಶೇರಾಲಿ ಬೈಕೆಯವರ ಕುರಿ ಇನ್ನೂರು. ಬೆಟ್ಟದ ಮೇಲೆ ಒಂಬೈನೂರು. ಉಳಿದ ಸದಸ್ಯರದೂ ಹೆಚ್ಚುಕಡಿಮೆ ಇದೇ ಕತೆ.

"ಗೇಟು ಅಗಲ ಮಾಡಿದ್ರೆ?" ಎಂದರು ಬೈಕೆ, ಬಹಳ ಮೆತ್ತಗೆ.

"ಆಗ್ತದೆ. ನಾಲ್ಕು ಕುರಿ ಜೊತೇಲಿ ದಾಟೋ ಹಾಗೆ ಮಾಡೋಣ. ಆಚೆ ಕಡೇವು ದೂಳಲ್ಲಿ ಕಾಣಲ್ಲ."

"ಭೇಷ್! ಈಗಲೇ ಶುರು ಮಾಡು."

"ಬೈಕೆ, ಬುರುಲ್‌ನ ಆಸ್ಪತ್ರೆಗೆ..."

"ಮೊದಲು ಗೇಟು. ಮಗು ಎಲ್ಲಿಗೂ ಓಡಿಹೋಗಲ್ಲ."

ಬುರುಲ್ ಎದ್ದು ನಿಂತಳು. ಗಂಡನ ಕಡೆಯ ಹಿರಿಯರ ಹೆಸರನ್ನು ನಮ್ಮ ಸೊಸೆಯರು ಬಾಯಲ್ಲಿ ಹೇಳುವುದಿಲ್ಲ, ಏನಾದರೊಂದು ಗುರುತು ಹಿಡಿದು ಕರೆಯುತ್ತಾರೆ. "ದೊಡ್ಡ ಟೋಪಿ ಬೈಕೆ," ಎಂದಳು ಮರ್ಯಾದೆಯಿಂದಲೇ, "ಕೀಲಿಕೈ ಕೊಡ್ದಿದ್ರೆ ನಾನು ಇಲ್ಲೇ, ಈ ಜಮಖಾನದ ಮೇಲೇ ಹೆರ್ತೀನಿ. ಬದುಕಿದ್ರೆ ಬಾಯಿ ತೆರೀತದೆ, ಚೀಟಿ ಬರ್ಕೊಳಿ. ನಾವಿಬ್ರೂ ಸತ್ರೆ ಅದನ್ನೂ ನೀವೇ ಬರ್ಕೊಳಿ."

ನನಗೆ ಅಳುವೇ ಬಂತು. ನಡಾವಳಿಯಲ್ಲಿ ಅದನ್ನು ಸೇರಿಸಿಲ್ಲ.

ಅಧ್ಯಕ್ಷರು ಜಮಖಾನ ನೋಡಿದರು. ಸಮಿತಿಯ ಆಸ್ತಿ ಅದು, ಹೊಸತು. "ಖಾನೆ ತೆಗಿಯೋ," ಎಂದರು ನನಗೆ. "ಲೇ ಜಿರ್ಗಲ್, ಬಿಟ್ಟು ಇವತ್ತೇ ವಾಪಸ್ ಬರ್ಬೇಕು."

ಕಾರು ಹದಿನೆಂಟು ನಿಮಿಷದಲ್ಲಿ ಘಾಟಿ ದಾಟಿತು. ಗುರುವಾರ ಮಧ್ಯಾಹ್ನ ಆಪರೇಷನ್ ಮಾಡಿ ಮಗು ತೆಗೆದರು. ಗಂಡು, ತಾಯಿಯೂ ಕ್ಷೇಮ. ಅಪ್ಪ ಆ ಹೊತ್ತಿಗೆ ನಮ್ಮ ದೊಡ್ಡಿಯಲ್ಲಿ ಗೇಟಿನ ಕಂಬ ಕೀಳುತ್ತಿದ್ದ. ಶುಕ್ರವಾರದ ಎಣಿಕೆ ಸುಸೂತ್ರವಾಗಿ ನಡೆಯಿತು. ಹುಲ್ಲುಗಾವಲಿನ ಹೊರೆ ಇಳಿಸಿದ ಮಾದರಿ ಗ್ರಾಮವೆಂದು ಜಿಲ್ಲೆಯವರು ನಮಗೆ ಪ್ರಶಸ್ತಿಪತ್ರ ಕೊಟ್ಟರು. ಜಿರ್ಗಲ್‌ನ ಕಾರಿಗೆ ಇನ್ನೂರೈವತ್ತು ಕುರಿಯ ಚೀಟಿ ಮಂಜೂರಾಯಿತು, ಸೆನ್ಸರಿನ ಹೇಳಿಕೆಯ ಆಧಾರದ ಮೇಲೆ.

ನಲವತ್ತು ದಿನ ತುಂಬಿದ ಮೇಲೆ ಗಂಡ ಹೆಂಡತಿ ಮಗುವನ್ನು ಎತ್ತಿಕೊಂಡು ಕಚೇರಿಗೆ ಬಂದರು. ನಿಯಮ ಹದಿನಾಲ್ಕರಡಿ ಹೊಸ ಬಾಯಿಯ ದಾಖಲಾತಿ. ಕರೆ ಕಳಿಸುವ ಮುಂಚೆ ತಾವಾಗಿಯೇ ಬಂದಿದ್ದರು. ತೆರಿಗೆ ತೂಕದ ಮೇಲೆ; ತಕ್ಕಡಿಯಲ್ಲಿಟ್ಟರೆ ಐದು ಕಿಲೋ.

"ನಾಲ್ಕು ಅಂತ ಬರ್ಕೊಳಿ," ಎಂದ ಜಿರ್ಗಲ್ ನನಗೆ.

ಬುರುಲ್ ಗಂಡನನ್ನು ದುರುಗುಟ್ಟಿ ನೋಡಿದಳು. ಮಗುವನ್ನು ಶಾಲಿನೊಳಗೆ ಇನ್ನಷ್ಟು ಬಿಗಿಯಾಗಿ ಸುತ್ತಿ, ತಕ್ಕಡಿಗೆ ಬೆನ್ನು ಹಾಕಿ ನಿಂತಳು.

"ಮೂರು," ಎಂದಳು.

ಮೂರು ಎಂದು ಬರೆದು ಮೊಹರು ಒತ್ತಿದೆ.