ಜೆದ್ದಾಕ್ಕೆ ಮೂರು ಸಲ ಬಂದ ಅಮೆರಿಕದ ಗಾಯಕಿ

ಸ್ಟೇಜಿನ ಲೈಟು ಕಟ್ಟುವ ನನ್ನಂಥವರಿಗೆ ಕಾರ್ಯಕ್ರಮಕ್ಕಿಂತ ಅದರ ಹಿಂದೆಮುಂದೆ ನಡೆಯುವುದೇ ಹೆಚ್ಚು ನೆನಪಿರುತ್ತದೆ. ಅಮೆರಿಕದ ಒಬ್ಬ ಪಾಪ್ ಗಾಯಕಿ ಬಂದಾಗಲೆಲ್ಲ ಏನಾದರೊಂದು ಆಗಿಯೇ ಆಗುತ್ತಿತ್ತು.

ಖಾಲಿ ಕುರ್ಚಿಗಳು

ಮೊದಲ ಸಲ ಬಂದಾಗ ಆಕೆ ಯಾರಿಗೂ ಗೊತ್ತಿರಲಿಲ್ಲ. ದೊಡ್ಡ ಗಾಯಕನಿಗೆ ಮುಂಚೆ ಎರಡು ಹಾಡು ಹೇಳಬೇಕು, ಅಷ್ಟೆ. ಮಧ್ಯಾಹ್ನದ ರಿಹರ್ಸಲ್‌ನಲ್ಲಿ ಖಾಲಿ ಕುರ್ಚಿಗಳ ಮುಂದೆ ಪ್ರಾಣ ಕೊಟ್ಟು ಹಾಡಿದಳು.

"ಇದು ಬರೀ ಮೈಕ್ ಚೆಕ್, ಇಷ್ಟೆಲ್ಲ ಯಾಕೆ?" ಅಂದ ನಮ್ಮ ಫೋರ್‌ಮನ್.

"ನೀವೆಲ್ಲ ಕೇಳ್ತಾ ಇದ್ದೀರಲ್ಲ," ಅಂದಳು.

ಏಣಿಯ ಮೇಲಿದ್ದ ನಾನು ಎರಡೂ ಕೈ ಬಿಟ್ಟು ಚಪ್ಪಾಳೆ ಹೊಡೆದೆ. ಕೈ ಬಿಡಬಾರದೆಂದು ಸೇಫ್ಟಿ ಆಫೀಸರ್ ಕೆಳಗಿಂದ ಬೈದ, ತಾನೂ ಚಪ್ಪಾಳೆ ಹೊಡೆಯುತ್ತಲೇ.

ಕಷಾಯ

ಎರಡನೇ ಸಲ ಬರುವಾಗ ಆಕೆಯೇ ದೊಡ್ಡ ಹೆಸರು; ಬರಿಗಾಲಲ್ಲಿ ಕುಣಿಯುವ ಆಕೆಯ ವಿಡಿಯೋ ಎಲ್ಲರ ಫೋನಿನಲ್ಲೂ ಇತ್ತು. ಆದರೆ ಗಂಟಲು ಕಟ್ಟಿತ್ತು. ನನ್ನ ಹೆಂಡತಿ ಶುಂಠಿ, ಕಾಳುಮೆಣಸು ಹಾಕಿ ಕೊಟ್ಟಿದ್ದ ಕಷಾಯದ ಫ್ಲಾಸ್ಕನ್ನು ಮುಂದಿಟ್ಟೆ. ಪೂರ್ತಿ ಕುಡಿದು, ಮಾಡುವ ಕ್ರಮ ಕೇಳಿದಳು. ಹೆಂಡತಿಗೆ ಫೋನ್ ಮಾಡಿದೆ.

"ಅದೆಲ್ಲ ಮತ್ತೆ. ಏಸಿಯಲ್ಲಿ ಬರಿಗಾಲಲ್ಲಿ ಕುಣಿದ್ರೆ ಗಂಟಲು ಕೆಡದೆ ಎಂತ ಆಗ್ತದೆ? ಕಾಲಿಗೆ ಏನಾದ್ರೂ ಹಾಕ್ಲಿಕ್ಕೆ ಹೇಳಿ."

ಹೆದರುತ್ತಲೇ ಇಂಗ್ಲಿಷಿನಲ್ಲಿ ಹೇಳಿದೆ. ಸಂಜೆ ಆಕೆ ದಪ್ಪ ಸಾಕ್ಸ್ ಹಾಕಿಕೊಂಡು ಸ್ಟೇಜಿಗೆ ಬಂದಳು. ನನ್ನ ಹೆಂಡತಿಯ ಮಾತನ್ನು ಒಂದೇ ಸಲಕ್ಕೆ ಕೇಳಿದವರನ್ನು ನಾನು ನೋಡಿದ್ದು ಅದೇ ಮೊದಲು.

ನಿಂತ ಸಂಗೀತ

ಮೂರನೇ ಸಲ ಸ್ಟೇಡಿಯಂ ತುಂಬ ಜನ. ಹಾಡಿನ ನಡುವೆ ಹಿನ್ನೆಲೆ ಸಂಗೀತ ಥಟ್ಟನೆ ನಿಂತಿತು. ಯಾವುದೋ ಕೇಬಲ್ ಕೈಕೊಟ್ಟಿತ್ತು. ಬೇರೆ ಕೇಬಲ್ ಹೊತ್ತು ನಾನು ಓಡುತ್ತಿದ್ದೆ. ಕೆಲಸ ಹೋಯಿತೆಂದೇ ಅನಿಸಿತು. ಸೌಂಡ್ ನೋಡುವ ನಮ್ಮ ಉಡುಪಿಯವ ಗಾಬರಿಯಲ್ಲಿ, "ಯಲ್ಲಾ ಮಾರಾಯ, ಯಲ್ಲಾ ಮಾರಾಯ," ಎಂದು ಅರಬ್ಬಿಯ 'ಬೇಗ'ಕ್ಕೆ ನಮ್ಮೂರ ಮಾತು ಸೇರಿಸಿ ನನ್ನನ್ನು ಅವಸರಪಡಿಸುತ್ತಿದ್ದ. ಅವನ ಮಾತು ಆಕೆಯ ಕಿವಿಯ ಇಯರ್‌ಫೋನಿಗೂ ಹೋಗುತ್ತಿತ್ತು.

ಆಕೆ ಒಂದು ಕ್ಷಣ ಕೇಳಿಸಿಕೊಂಡಳು. ಆಮೇಲೆ ಮೈಕ್ ಎತ್ತಿ, ಚಪ್ಪಾಳೆಯ ತಾಳ ಹಾಕಿ, ಅವನ ಆ ಮಾತನ್ನೇ ರಾಗವಾಗಿ ಹಾಡತೊಡಗಿದಳು. ಇಡೀ ಸ್ಟೇಡಿಯಂ ಜೊತೆಗೆ ಹಾಡಿತು. ನಾನು ಕೇಬಲ್ ಸಿಕ್ಕಿಸಿ ಸಂಗೀತ ಬಂದ ಮೇಲೂ ಜನ ನಿಲ್ಲಿಸಲಿಲ್ಲ.

ಮರುದಿನ ಜೆದ್ದಾದ ಅಜೀಜಿಯಾ ಬಡಾವಣೆಯ ನಮ್ಮ ಬಿಲ್ಡಿಂಗಿನ ಲಿಫ್ಟಿನಲ್ಲಿ ಪಕ್ಕದ ಮನೆಯ ಲಕ್ನೋ ಹುಡುಗಿ ಅದನ್ನೇ ಗುನುಗುತ್ತಿದ್ದಳು. "ಮಾರಾಯ ಅಂದ್ರೆ ಎಂತ?" ಎಂದು ಏನೂ ಗೊತ್ತಿಲ್ಲದವನಂತೆ ಹಿಂದಿಯಲ್ಲಿ ಕೇಳಿದೆ.

"ಅಮೆರಿಕದ ಹೊಸ ಮಾತು ಅಂಕಲ್," ಅಂದಳು ಕನಿಕರದಿಂದ. "ನಿಮಗೆ ಉಚ್ಚಾರ ಮಾಡೋಕೆ ಕಷ್ಟ ಆಗುತ್ತೆ."